ಫೋನಿಗೊಂದು ಜಾಗ ಸ್ಕೂಟರ್ ಕಂಪನಿಗಳೇ ಮಾಡಿಕೊಡ್ಲಿ

ಸಂಪಾದಕರಿಗೆ ನಮಸ್ಕಾರ,

ಸ್ಕೂಟರ್ ಮೇಲೆ ಫೋನ್ ಸಿಕ್ಕಿಸ್ಕೊಂಡು ಮ್ಯಾಪ್ ನೋಡ್ತಾ ಹೋಗೋರನ್ನ ಕಂಡ್ರೆ ಎಷ್ಟೋ ಜನಕ್ಕೆ ಮೈ ಉರಿಯುತ್ತೆ, ಅವರ ಭಯ ಸುಳ್ಳೇನಲ್ಲ ಬಿಡಿ. ಆದ್ರೆ ಸಿಕ್ಕಿಸಬೇಡಿ ಅಂದ ತಕ್ಷಣ ಜನ ಮ್ಯಾಪ್ ನೋಡೋದು ಬಿಟ್ಬಿಡ್ತಾರಾ? ಎಡಗೈಲಿ ಫೋನ್ ಹಿಡ್ಕೊಂಡು ಬಲಗೈ ಒಂದರಲ್ಲೇ ಗಾಡಿ ಓಡಿಸ್ತಾರೆ, ಇಲ್ಲಾ ಹೆಲ್ಮೆಟ್ ಒಳಗೆ ಕಿವಿ ಹತ್ರ ತುರುಕ್ಕೋತಾರೆ, ಇಲ್ಲಾ ಹಿಂದೆ ಕೂತೋರ ಕೈಗೆ ಕೊಟ್ಟು ಲೆಫ್ಟಾ ರೈಟಾ ಅಂತ ಕತ್ತು ತಿರುಗಿಸಿ ಕೇಳ್ತಾ ಹೋಗ್ತಾರೆ. ದಿನವಿಡೀ ಮನೆ ಮನೆಗೆ ಪಾರ್ಸೆಲ್ ತಲುಪಿಸೋರಿಗಂತೂ ಮ್ಯಾಪ್ ಹೊಟ್ಟೆಪಾಡು, ಅವರಿಗೆ ಬೇಡ ಅನ್ನೋಕಾಗಲ್ಲ. ಹಾಗಾಗಿ ಫೋನ್ ಬೇಕಾ ಬೇಡ್ವಾ ಅನ್ನೋ ಜಗಳ ಮುಗಿದುಹೋಗಿದೆ ಅಂತ ನನ್ನ ಅಭಿಪ್ರಾಯ, ಈಗ ಕೇಳಬೇಕಾಗಿರೋದು ಅದನ್ನ ಎಲ್ಲಿ ಇಡೋದು, ಆ ಜಾಗ ಯಾರು ಮಾಡಿಕೊಡೋದು ಅಂತ. ಓಡಿಸೋರ ತಲೆಗೆ ಕಟ್ಟೋದು ಬಿಟ್ಟು ಇದನ್ನ ಸ್ಕೂಟರ್ ಮಾಡೋ ಕಂಪನಿಗಳಿಗೆ ಕೇಳಬೇಕು ಅಂತಲೇ ಈ ಪತ್ರ.

ಬೈಕಿಗೆ ಫೋನ್ ಹೋಲ್ಡರ್ ಹಾಕೋದು ಕಷ್ಟ ಅಲ್ಲ, ಹ್ಯಾಂಡಲ್ ಅಂದ್ರೆ ಕಣ್ಣಿಗೆ ಕಾಣೋ ಪೈಪು, ಅದಕ್ಕೆ ಕ್ಲ್ಯಾಂಪ್ ಬಿಗಿದ್ರೆ ಆಯ್ತು. ಸ್ಕೂಟರ್‌ನಲ್ಲಿ ಆ ಪೈಪೇ ಕಾಣಲ್ಲ, ಹೆಡ್‌ಲೈಟಿಂದ ಮೀಟರ್ ತನಕ ಎಲ್ಲಾ ಪ್ಲಾಸ್ಟಿಕ್ಕಲ್ಲಿ ಮುಚ್ಚಿಹೋಗಿರುತ್ತೆ, ಕೊನೆಗೆ ಉಳಿಯೋ ಗಟ್ಟಿ ಕಬ್ಬಿಣ ಅಂದ್ರೆ ಮಿರರ್ ಕಡ್ಡಿ ಒಂದೇ. ಅದರ ಬುಡದ ರಬ್ಬರ್ ಮೇಲಕ್ಕೆ ಸರಿಸಿ, ಲಾಕ್ ನಟ್ ಸಡಿಲ ಮಾಡಿ, ಮಿರರ್ ಪೂರ್ತಿ ಬಿಚ್ಚಿ, ಹೋಲ್ಡರ್ ಕೂರಿಸೋಕೆ ತೂತಿರೋ ಒಂದು ತಗಡಿನ ಪಟ್ಟಿಯನ್ನ ಕೆಳಗಿಟ್ಟು ಮತ್ತೆ ಮಿರರ್ ಕೂರಿಸಬೇಕು. ಹೇಳೋಕೆ ಎರಡು ನಿಮಿಷದ ಕೆಲಸ. ಆದ್ರೆ ಕೆಲವು ಗಾಡಿಗಳ ಮಿರರ್ ಥ್ರೆಡ್, ಅಂದ್ರೆ ಸ್ಕ್ರೂ ಸುತ್ತು, 8 ಎಂಎಂ, ಕೆಲವಕ್ಕೆ 10 ಎಂಎಂ, ತಗಡಿನ ತೂತು ಅದಕ್ಕೆ ಹೊಂದಬೇಕು, ಯಮಹಾದ ಎಷ್ಟೋ ಗಾಡಿಗಳಲ್ಲಿ ಬಲಗಡೆ ಮಿರರಿನ ಥ್ರೆಡ್ ಉಲ್ಟಾ ಇರುತ್ತೆ, ಅದು ಗೊತ್ತಿಲ್ದೆ ಎಲ್ಲಾ ನಟ್ ಬಿಚ್ಚೋ ಹಾಗೇ ಎಡಕ್ಕೆ ತಿರುಗಿಸ್ತಾ ಹೋದ್ರೆ ಬಿಚ್ಚೋ ಬದಲು ಬಿಗಿಯಾಗುತ್ತೆ, ಇನ್ನೂ ಬಲ ಹಾಕಿದ್ರೆ ಥ್ರೆಡ್ಡೇ ಹಾಳು. ಇನ್ನೊಂದು ತಾಪತ್ರಯ ಏನಂದ್ರೆ ತಗಡು ಎಷ್ಟು ದಪ್ಪ ಇದೆಯೋ ಅಷ್ಟು ಥ್ರೆಡ್ ಹಿಡಿತ ಕಮ್ಮಿ ಆಗುತ್ತೆ, ಲಾಕ್ ನಟ್ ಸರಿಯಾಗಿ ಬಿಗೀದೇ ಇದ್ರೆ ಮಿರರ್ ಗಾಳಿಗೆ ತಾನೇ ತಿರುಗುತ್ತೆ. ಮುಂದಿನ ದಾರಿ ನೋಡೋಕೆ ಹೋಗಿ ಹಿಂದಿನ ಗಾಡಿ ಕಾಣದಂಗಾಗೋದು ಯಾವ ಲೆಕ್ಕ?

ಹಾಕಿದ್ ಮೇಲೆ ಗಾಡಿ ನಿಲ್ಲಿಸ್ಕೊಂಡೇ ಹ್ಯಾಂಡಲ್ ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ತಿರುಗಿಸಿ ನೋಡಬೇಕು, ಫೋನ್ ಬ್ರೇಕ್ ಲಿವರಿಗೆ ತಾಗ್ತಿದ್ಯಾ, ಕೇಬಲ್ ಎಳೀತಿದ್ಯಾ, ಮೊಣಕಾಲಿಗೆ ಬಡೀತಿದ್ಯಾ ಅಂತ. ಮೀಟರ್ ಮುಚ್ಚಬಾರದು, ಇಂಡಿಕೇಟರ್ ಲೈಟ್ ಮುಚ್ಚಬಾರದು. ಪೋಲರೈಸ್ಡ್ ಕನ್ನಡಕ (ಬಿಸಿಲಿನ ಪ್ರತಿಫಲನ ತಡೆಯೋ ಕೂಲಿಂಗ್ ಗ್ಲಾಸ್) ಹಾಕೋರು ಇನ್ನೊಂದು ನೋಡ್ಕೋಬೇಕು, ಕೆಲವು ಫೋನ್‌ಗಳು ಆ ಕನ್ನಡಕದಲ್ಲಿ ಉದ್ದಕ್ಕೆ ಇಟ್ರೆ ಸ್ಕ್ರೀನ್ ಕಪ್ಪಗೆ ಕಾಣುತ್ತೆ ಅಡ್ಡ ಇಟ್ರೆ ಸರಿಹೋಗುತ್ತೆ, ಕೆಲವಕ್ಕೆ ಉಲ್ಟಾ, ಫೋನ್ ಕೆಟ್ಟಿದೆ ಅಂತ ಗಾಬರಿ ಆಗೋದು ಬೇಡ.

ಈಗ ನಡುಕದ ವಿಷಯ, ಇದನ್ನ ಹೋಲ್ಡರ್ ಮಾರೋರು ಬಾಯಿಬಿಟ್ಟು ಹೇಳಲ್ಲ. ಈಗಿನ ಒಳ್ಳೆ ಫೋನ್‌ಗಳಲ್ಲಿ ಕ್ಯಾಮೆರಾ ಲೆನ್ಸ್ ಗಟ್ಟಿಯಾಗಿ ಕೂತಿರಲ್ಲ, ಕೈ ನಡುಗಿದ್ರೂ ಫೋಟೋ ಮಸುಕಾಗಬಾರದು ಅಂತ ಲೆನ್ಸನ್ನ ಸಣ್ಣ ಸಣ್ಣ ಅಯಸ್ಕಾಂತದ ಬಲದಲ್ಲಿ ಆಚೀಚೆ ಸರಿಯೋ ಹಾಗೆ ಇಟ್ಟಿರ್ತಾರೆ. ಇಂಜಿನ್ ನಡುಕ ಹ್ಯಾಂಡಲ್ ಮೂಲಕ ನೇರ ಅಲ್ಲಿಗೇ ಹೋಗುತ್ತೆ. 2021ರಲ್ಲಿ ಆಪಲ್ ಕಂಪನಿಯೇ ಬರೆದು ಹಾಕಿತ್ತು, ದೊಡ್ಡ ಇಂಜಿನ್ ಬೈಕ್‌ಗಳ ಹ್ಯಾಂಡಲಿಗೆ ಐಫೋನ್ ಸಿಕ್ಕಿಸಬೇಡಿ ಕ್ಯಾಮೆರಾ ಹಾಳಾಗಬಹುದು, ಮೊಪೆಡ್ ಸ್ಕೂಟರ್‌ಗಳಲ್ಲಿ ನಡುಕ ಕಮ್ಮಿ ಇರುತ್ತೆ ಆದ್ರೂ ನಡುಕ ಹೀರ್ಕೊಳ್ಳೋ ಮೌಂಟ್ ಬಳಸಿ, ಅದರಲ್ಲೂ ತುಂಬಾ ಹೊತ್ತು ದಿನಾ ಇಟ್ಕೊಂಡು ಓಡಿಸಬೇಡಿ ಅಂತ. ಎಲೆಕ್ಟ್ರಿಕ್ ಸ್ಕೂಟರ್‌ನಲ್ಲಿ ಇಂಜಿನ್ ನಡುಕ ಇಲ್ಲ ನಿಜ, ಆದ್ರೆ ಗುಂಡಿ ಇದ್ದೇ ಇದೆಯಲ್ಲ. ಹಾಗಾಗಿ ಹೋಲ್ಡರ್ ಮತ್ತೆ ಕಡ್ಡಿ ನಡುವೆ ಮೆತ್ತನೆ ಸಿಲಿಕೋನ್ ಬುಶ್ ಇರೋದನ್ನೇ ತಗೊಳ್ಳಿ, ಇಲ್ಲಾಂದ್ರೆ ಮನೇಲಿರೋ ಹಳೇ ಫೋನನ್ನ ಮ್ಯಾಪಿಗೆ ಅಂತಲೇ ಇಟ್ಬಿಡಿ. ಮ್ಯಾಪನ್ನ ಮೊದಲೇ ಆಫ್‌ಲೈನ್ ಡೌನ್‌ಲೋಡ್ ಮಾಡ್ಕೊಂಡ್ರೆ ಅದಕ್ಕೆ ಸಿಮ್ ಕೂಡ ಬೇಕಾಗಲ್ಲ, ಜಿಪಿಎಸ್ ಸಿಗ್ನಲ್ ಸುಮಾರು 20,200 ಕಿಲೋಮೀಟರ್ ಮೇಲಿರೋ ಉಪಗ್ರಹಗಳಿಂದ ಬರೋದು, ಅದಕ್ಕೆ ನೆಟ್ ಪ್ಯಾಕಿನ ಹಂಗಿಲ್ಲ. ಬರೀ ಟ್ರಾಫಿಕ್ ಎಲ್ಲಿ ಜಾಮ್ ಆಗಿದೆ ಅಂತ ತೋರಿಸಲ್ಲ ಅಷ್ಟೇ.

ಬಿಸಿಲು ಮಳೆ ಎರಡೂ ಶತ್ರುಗಳೇ. ಐಫೋನಿಗೆ ಕಂಪನಿ ಹೇಳೋ ವಾತಾವರಣ ಸೊನ್ನೆಯಿಂದ 35 ಡಿಗ್ರಿ ತನಕ, ನೆತ್ತಿ ಬಿಸಿಲಲ್ಲಿ ಬ್ರೈಟ್‌ನೆಸ್ ಪೂರ್ತಿ ಇಟ್ಟು ಮ್ಯಾಪ್ ಓಡಿಸ್ತಾ ಚಾರ್ಜಿಗೂ ಹಾಕಿದ್ರೆ ಫೋನ್ ಕಾದು ಮೊದಲು ಚಾರ್ಜಿಂಗ್ ನಿಲ್ಲಿಸುತ್ತೆ, ಆಮೇಲೆ ಸ್ಕ್ರೀನ್ ಮಂಕು ಮಾಡುತ್ತೆ, ಅಂದ್ರೆ ಬೇಕಾದಾಗಲೇ ಕೈಕೊಡುತ್ತೆ. ಪ್ಲಾಸ್ಟಿಕ್ ಪೌಚಲ್ಲಿ ಜಿಪ್ ಹಾಕಿ ಇಟ್ರೆ ಮಳೆಗೆ ಪರವಾಗಿಲ್ಲ, ಆದ್ರೆ ಬಿಸಿಲಲ್ಲಿ ಅದರೊಳಗೆ ಬೇಯುತ್ತೆ. ನನ್ ಫೋನ್ ಐಪಿ68 (ನೀರು ಧೂಳು ತಡೆಯೋ ರೇಟಿಂಗ್), ಮಳೆಗೆ ಏನೂ ಆಗಲ್ಲ ಅನ್ನೋರಿಗೆ ಒಂದು ಮಾತು, ಆ ಪರೀಕ್ಷೆ ನಿಂತ ಸಿಹಿ ನೀರಲ್ಲಿ ಮಾಡೋದು, ಗಾಡಿ ವೇಗಕ್ಕೆ ಮುಖಕ್ಕೆ ರಾಚೋ ಮಳೆಗೆ ಅಲ್ಲ. ಅದೂ ಅಲ್ದೆ ಸ್ಕ್ರೀನ್ ಮೇಲೆ ಹನಿ ಬಿದ್ರೆ ಬೆರಳು ಮುಟ್ಟಿದೆ ಅಂತ ತಿಳ್ಕೊಂಡು ಮ್ಯಾಪ್ ತನ್ನಷ್ಟಕ್ಕೆ ಜರುಗೋದು, ಜೂಮ್ ಆಗೋದು ಎಲ್ಲಾ ಶುರು.

ಚಾರ್ಜರ್ ವೈರನ್ನ ನೇರ ಬ್ಯಾಟರಿಗೆ ಕಟ್ಟೋರೂ ಇದಾರೆ, ದಯವಿಟ್ಟು ಬೇಡ. ಕೀ ತೆಗೆದ ಮೇಲೂ ಅದು ಸ್ವಲ್ಪ ಸ್ವಲ್ಪ ಕರೆಂಟ್ ಎಳೀತಾನೇ ಇರುತ್ತೆ, ಸ್ಕೂಟರ್ ಬ್ಯಾಟರಿ ಮೊದಲೇ ಚಿಕ್ಕದು, ಕೆಲವು ದಿನ ಗಾಡಿ ನಿಂತಲ್ಲೇ ನಿಂತ್ರೆ ಸೆಲ್ಫ್ ಹೊಡೆಯಲ್ಲ. ಕೀ ಆನ್ ಮಾಡಿದಾಗ ಮಾತ್ರ ಕರೆಂಟ್ ಬರೋ ಲೈನಿಂದ ತಗೋಬೇಕು, ನಡುವೆ ಫ್ಯೂಸ್ ಇರಲೇಬೇಕು. ಇದು ಮೆಕ್ಯಾನಿಕ್ ಮಾಡೋ ಕೆಲಸ.

ಇನ್ನು ನೋಡೋ ವಿಚಾರ. ಗಂಟೆಗೆ 40 ಕಿಲೋಮೀಟರ್ ಅಂದ್ರೆ ಸೆಕೆಂಡಿಗೆ 11 ಮೀಟರ್, ಎರಡು ಸೆಕೆಂಡ್ ಸ್ಕ್ರೀನ್ ನೋಡಿದ್ರೆ 22 ಮೀಟರ್ ಕಣ್ಣು ಮುಚ್ಚಿ ಓಡಿಸಿದಂಗೆ. ಕಾರಿನೋರು ಸೀಟಲ್ಲಿ ಬೆಲ್ಟ್ ಹಾಕ್ಕೊಂಡು ನಾಲ್ಕು ಚಕ್ರದ ಮೇಲೆ ಕೂತಿರ್ತಾರೆ, ನಮಗೆ ಮುಂದೆ ಒಂದಿಷ್ಟು ಜಲ್ಲಿ ಬಿದ್ದಿದ್ರೂ ಸಾಕು. ಅದಕ್ಕೇ ಮ್ಯಾಪನ್ನ ಕೇಳಬೇಕೇ ಹೊರತು ನೋಡ್ತಾ ಕೂರಬಾರದು ಅನ್ನೋದು ನನ್ನ ವಾದ. ಒಂದೇ ಕಿವಿಗೆ, ಹೊರಗಿನ ಹಾರ್ನ್ ಕೇಳೋವಷ್ಟು ಸಣ್ಣ ಸೌಂಡಲ್ಲಿ. ಫೋನ್ ಮೌಂಟ್ ಇರೋದು ತಿರುವು ಹತ್ರ ಬಂದಾಗ ಮೂರು ದಾರೀಲಿ ಯಾವುದು ಅಂತ ಒಂದು ಕ್ಷಣ ಕಣ್ಣು ಹಾಯಿಸೋಕೆ, ಅಷ್ಟಕ್ಕೇ. ವಿಳಾಸ ಟೈಪ್ ಮಾಡೋದು, ರೂಟ್ ಬದಲಾಯಿಸೋದು ಎಲ್ಲಾ ಗಾಡಿ ಪಕ್ಕಕ್ಕೆ ಹಾಕಿ. ಆ ನೀಲಿ ಬಾಣವನ್ನ ತೀರಾ ನಂಬೋದೂ ತಪ್ಪು, ಬಯಲಲ್ಲಿ ಫೋನಿನ ಜಿಪಿಎಸ್ ಸುಮಾರು 5 ಮೀಟರ್ ಒಳಗೆ ಹೇಳುತ್ತೆ, ಎತ್ತರದ ಕಟ್ಟಡಗಳ ನಡುವೆ ಸಿಗ್ನಲ್ ಗೋಡೆಗೆ ಬಡಿದು ಬರೋದ್ರಿಂದ ಇನ್ನೂ ಆಚೀಚೆ, ಫ್ಲೈಓವರ್ ಮೇಲಿದೀವಾ ಕೆಳಗಿದೀವಾ ಅನ್ನೋದು ಎಷ್ಟೋ ಸಲ ಅದಕ್ಕೆ ಗೊತ್ತೇ ಆಗಲ್ಲ. ಹೊರಡುವಾಗ ನಿಂತಲ್ಲೇ ಬಾಣ ಯಾವ ಕಡೆಗೋ ಮುಖ ಮಾಡಿರುತ್ತೆ, ಹತ್ತಾರು ಮೀಟರ್ ಚಲಿಸಿದ ಮೇಲೇ ದಿಕ್ಕು ಸರಿಹೋಗೋದು. ಮ್ಯಾಪ್ ಒಳಗೆ ಹೋಗು ಅಂದ್ರೂ ಮುಂದೆ ನೋ ಎಂಟ್ರಿ ಬೋರ್ಡ್ ಇದ್ರೆ ಬೋರ್ಡ್ ಮಾತೇ ಕೇಳಬೇಕು.

ಇಷ್ಟೆಲ್ಲಾ ಓಡಿಸೋರೇ ತಿಳ್ಕೊಂಡು ಮಾಡ್ಕೋಬೇಕು ಅನ್ನೋದು ಎಲ್ಲಿಯ ನ್ಯಾಯ? ಕೆಲವು ಸ್ಕೂಟರ್‌ಗಳಲ್ಲಿ ಈಗ ಬ್ಲೂಟೂತಲ್ಲಿ ಮೀಟರ್ ಮೇಲೇ ಬಾಣ ಬರುತ್ತೆ, ಎಡಕ್ಕೆ 200 ಮೀಟರ್ ಅಂತ ತೋರಿಸುತ್ತೆ, ಫೋನ್ ಜೇಬಲ್ಲೇ ಇರುತ್ತೆ, ನನ್ ಪ್ರಕಾರ ಅದೇ ಸರಿಯಾದ ದಾರಿ. ಆದ್ರೆ ಅದನ್ನ ಜಾಸ್ತಿ ಬೆಲೆಯ ಮಾಡೆಲ್‌ಗೆ ಮಾತ್ರ ಇಟ್ಕೊಂಡು, ದಿನವಿಡೀ ವಿಳಾಸ ಹುಡುಕೋರು ತಗೊಳ್ಳೋ ಬೇಸಿಕ್ ಮಾಡೆಲ್‌ಗೆ ಕೊಡ್ದೇ ಇರೋದು ಯಾಕೆ? ಪೂರ್ತಿ ಡಿಸ್‌ಪ್ಲೇ ಕೊಡೋಕಾಗಲ್ಲ ಅಂದ್ರೆ ಬೇಡ. ಮೀಟರ್ ಮೇಲ್ಗಡೆ, ದಾರಿ ನೋಡೋ ಕಣ್ಣಿಗೆ ಹತ್ತಿರ ಇರೋ ಕಡೆ, ಒಳಗಿನ ಕಬ್ಬಿಣಕ್ಕೆ ಸೇರಿದ ಎರಡು ಸ್ಕ್ರೂ ತೂತು, ಕೆಳಗೆ ರಬ್ಬರ್ ಬುಶ್, ಪಕ್ಕದಲ್ಲಿ ಕೀ ಆನ್ ಆದ್ರೆ ಮಾತ್ರ ಕರೆಂಟ್ ಬರೋ ಮುಚ್ಚಳ ಇರೋ ಒಂದು ಯುಎಸ್‌ಬಿ, ಇಷ್ಟು ಎಲ್ಲಾ ಕಂಪನಿಗಳೂ ಒಂದೇ ಅಳತೆಯಲ್ಲಿ ಕೊಡ್ಲಿ. ಹೋಲ್ಡರ್ ನಾವೇ ತಗೋತೀವಿ.

ಇಂತಿ,
ದಿನಾ ಸ್ಕೂಟರ್ ಓಡಿಸೋ ಒಬ್ಬ ಓದುಗ