ಕರಿ ಹಲ್ಲುಪುಡಿ ನಿಲ್ಲಿಸಿದ್ದೇವೆ: ನಮ್ಮ ಗ್ರಾಹಕರಿಗೆ ಒಂದು ಪತ್ರ

ಪ್ರೀತಿಯ ಗ್ರಾಹಕರಿಗೆ ನಮಸ್ಕಾರ.

ಹೋದ ತಿಂಗಳಿಂದ ಅಂಗಡಿಗಳಲ್ಲಿ ನಮ್ಮ ಕರಿ ಹಲ್ಲುಪುಡಿ ಸಿಗುತ್ತಿಲ್ಲ. ಪ್ಯಾಕೆಟ್ ಮೇಲಿನ ನಂಬರಿಗೆ ದಿನಾ ಫೋನ್ ಬರುತ್ತಿವೆ. "ಯಾಕ್ರೀ, ಮಾಲು ಖಾಲಿ ಆತೇನು?" ಅಂತ ಲಕ್ಷ್ಮೇಶ್ವರದಿಂದ ಒಬ್ಬರು ಕೇಳಿದರೆ, "ಅಂಗಡಿ ಬಂದ್ ಮಾಡಿದ್ರೇನು?" ಅಂತ ರೋಣದಿಂದ ಇನ್ನೊಬ್ಬರು. ಎರಡೂ ಅಲ್ಲ. ಬೆಟಗೇರಿಯ ನಮ್ಮ ಗೋದಾಮಿನಲ್ಲಿ ಇನ್ನೂ ಹನ್ನೊಂದು ಚೀಲ ಕರಿ ಪುಡಿ ಬಿದ್ದಿದೆ. ಅದನ್ನು ಮಾರುವುದು ಬೇಡ ಅಂತ ಮನೆಯವರೆಲ್ಲ ಕೂತು ತೀರ್ಮಾನ ಮಾಡಿದ್ದೇವೆ. 38 ವರ್ಷ ನಮ್ಮನ್ನು ನಂಬಿ ಕೊಂಡವರು ನೀವು. ಯಾಕೆ ಅಂತ ನಿಮಗೆ ಹೇಳಬೇಕಲ್ವಾ?

ಇದು ಶುರುವಾಗಿದ್ದು ನಮ್ಮ ಮಾವನವರ ಬಾಯಿಂದ. ಈ ಪುಡಿ ಮಾಡಲು ಹೊರಟವರೇ ಅವರು. ದಿನಕ್ಕೆರಡು ಸಲ ಇದೇ ಪುಡಿಯಿಂದ ಹಲ್ಲು ತಿಕ್ಕಿದವರು. ಎರಡು ವರ್ಷದಿಂದ ಕೊಡದಲ್ಲಿಟ್ಟ ತಣ್ಣೀರು ಕುಡಿದರೂ ಅವರ ಹಲ್ಲು ಜುಮ್ ಅನ್ನುತ್ತಿತ್ತು. ಕಡೆಗೆ ಧಾರವಾಡಕ್ಕೆ ಕರೆದುಕೊಂಡು ಹೋಗಿ ಹಲ್ಲಿನ ಡಾಕ್ಟರಿಗೆ ತೋರಿಸಿದೆ. ಡಾಕ್ಟರು ನೋಡಿದ್ದೇ ಕೇಳಿದರು, "ಅಜ್ಜಾರ, ಹಲ್ಲು ಯಾವುದರಿಂದ ತಿಕ್ಕತೀರಿ?" ಮಾವ ಅಂಗಿ ಕಿಸೆಯಿಂದ ನಮ್ಮದೇ ಪ್ಯಾಕೆಟ್ ತೆಗೆದು, "ಇದು ನಮ್ಮದ ಮಾಲ್ರೀ. ಒಂದು ನೀವೂ ಇಟ್ಕೊಳ್ರಿ" ಅಂದರು.

ಡಾಕ್ಟರು ನಗಲಿಲ್ಲ. ಎರಡು ಗಾಜಿನ ಪಟ್ಟಿ ತಂದು, ನಡುವೆ ಒಂದು ಚಿಟಿಕೆ ಪುಡಿ, ಒಂದು ಹನಿ ನೀರು ಹಾಕಿ ತಿಕ್ಕಿದರು. ಕರಕರ ಅನ್ನುವ ಸದ್ದು ನನಗೂ ಕೇಳಿಸಿತು. ಗಾಜು ತೊಳೆದು ಕಿಟಕಿಯ ಬೆಳಕಿಗೆ ಹಿಡಿದರು. ಗಾಜಿನ ತುಂಬ ಗೀರು. ಆಮೇಲೆ ಮಾವನ ಬಾಯಿ ತೆರೆಸಿ ನನಗೆ ತೋರಿಸಿದರು. ಕೋರೆ ಹಲ್ಲು ಮತ್ತು ಅದರ ಹಿಂದಿನ ಹಲ್ಲುಗಳ ಬುಡದಲ್ಲಿ, ಒಸಡಿಗೆ ಹತ್ತಿಕೊಂಡೇ, ಅಡ್ಡಕ್ಕೆ ಒಂದೊಂದು ಕಚ್ಚು. ಕಟ್ಟಿಗೆಗೆ ಕೊಡಲಿಯ ಮೊದಲ ಏಟು ಬಿದ್ದ ಹಾಗೆ. ಉಗುರು ಕೂರುವಷ್ಟು ಆಳ. ಮಾವ ಬಲಗೈಯವರು, ಹಾಗಾಗಿ ಎಡಗಡೆಯ ಹಲ್ಲುಗಳಿಗೇ ಏಟು ಜಾಸ್ತಿ.

"ಹಲ್ಲ ಬೆಳ್ಳಗ ಅದಾವಲ್ರೀ" ಅಂದರು ಮಾವ. ಬೆಳ್ಳಗಿದ್ದವು, ಸುಳ್ಳಲ್ಲ.

ನಮ್ಮ ಕರಿ ಪುಡಿ ಮಾಡುವುದು ಹಾನಗಲ್ ಕಡೆಯಿಂದ ತರಿಸುವ ಭತ್ತದ ಹೊಟ್ಟನ್ನು ಸುಟ್ಟು. ಹೊಟ್ಟು ಸುಟ್ಟ ಬೂದಿಯಲ್ಲಿ ಬಹುಪಾಲು ಸಿಲಿಕಾ. ಮರಳಿನಲ್ಲಿರುವುದೂ ಅದೇ. ಹೊಟ್ಟಿನ ಜೊತೆ ಕಣದ ಮಣ್ಣು ಬರುವುದು ಬೇರೆ. ಎಷ್ಟು ಸಣ್ಣ ಜರಡಿ ಹಿಡಿದರೂ ಸಿಲಿಕಾ ಮೆತ್ತಗಾಗುವುದಿಲ್ಲ. ಗಟ್ಟಿತನ ಅಳೆಯಲು ಒಂದರಿಂದ ಹತ್ತರವರೆಗಿನ ಒಂದು ಅಳತೆ ಇದೆ. ಅದರಲ್ಲಿ ಹಲ್ಲಿನ ಮೇಲಿನ ಎನಾಮಲ್ ಪದರಿಗೆ 5, ಮರಳಿಗೆ 7. ಒಸಡಿನ ಕೆಳಗಿನ ಬೇರಿಗಂತೂ ಎನಾಮಲ್ಲೇ ಇಲ್ಲ. ವಯಸ್ಸಾದಂತೆ, ಅಥವಾ ಜೋರಾಗಿ ತಿಕ್ಕಿ ತಿಕ್ಕಿ, ಒಸಡು ಕೆಳಗೆ ಸರಿದರೆ ಆ ಮೆತ್ತನೆಯ ಬೇರು ಹೊರಗೆ ಬೀಳುತ್ತದೆ. ಅದರ ಮೇಲೆ ಕರಿ ಪುಡಿ ಹಾಕಿ ತಿಕ್ಕುವುದೆಂದರೆ ಬೆಣಚುಕಲ್ಲಿನ ಮೇಲೆ ತೋರಿಸಬೇಕಾದ ಜೋರನ್ನು ಬೆಲ್ಲದ ಮೇಲೆ ತೋರಿಸಿದಂತೆ. ತಪ್ಪೆಲ್ಲ ಪುಡಿಯದ್ದೇ ಅನ್ನುತ್ತಿಲ್ಲ. ಮಾವ ತಾಮ್ರದ ಹಂಡೆ ತಿಕ್ಕಿದ ಹಾಗೆ ಹಲ್ಲು ತಿಕ್ಕುತ್ತಾರೆ. ಆದರೆ ಹಂಡೆ ತಿಕ್ಕುವಂಥ ಪುಡಿಯನ್ನು ಅವರ ಕೈಗೆ ಕೊಟ್ಟವರು ನಾವೇ.

ಮುಂಡರಗಿ ಕಡೆಯ ಗ್ರಾಹಕರಿಗೆ ಒಂದು ಮಾತು ಬೇರೆಯಾಗಿಯೇ ಹೇಳಬೇಕು. ನಮ್ಮ ಕರಿ ಪುಡಿ ಅತಿ ಹೆಚ್ಚು ಹೋಗುತ್ತಿದ್ದುದು ನಿಮ್ಮ ಊರುಗಳಿಗೆ. ಯಾಕೆ ಅಂತ ನಮಗೆ ಗೊತ್ತಿತ್ತು. ಆ ಭಾಗದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಅನ್ನುವ ಲವಣಾಂಶ ಜಾಸ್ತಿ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ ಒಂದು ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ ಒಂದೂವರೆವರೆಗೆ ನಡೆದೀತು ಅನ್ನುತ್ತದೆ ನಮ್ಮ ದೇಶದ ನಿಯಮ. ಅದಕ್ಕಿಂತ ಜಾಸ್ತಿ ಇರುವ ನೀರು ಕುಡಿದು ಬೆಳೆದ ಮಕ್ಕಳ ಹಲ್ಲಿನ ಮೇಲೆ ಹಳದಿ, ಕಂದು ಕಲೆ ಬರುತ್ತವೆ. ಆ ಕಲೆ ಹೋಗಲಿ ಅಂತ ತಾಯಂದಿರು ನಮ್ಮ ಪುಡಿ ಕೊಳ್ಳುತ್ತಿದ್ದರು. ಆ ಕಲೆ ತಿಕ್ಕಿದರೆ ಹೋಗುವಂಥದ್ದಲ್ಲ. ಹಲ್ಲು ಒಸಡಿನ ಒಳಗೆ ತಯಾರಾಗುವಾಗಲೇ ಕೂತ ಕಲೆ ಅದು. ಹುಟ್ಟಿನಿಂದ ಎಂಟು ವರ್ಷದವರೆಗೆ ಮಗು ಕುಡಿಯುವ, ಅಡುಗೆಗೆ ಬಳಸುವ ನೀರೇ ಅದನ್ನು ತೀರ್ಮಾನಿಸುತ್ತದೆ. ಊರಲ್ಲಿ ಶುದ್ಧ ನೀರಿನ ಘಟಕ ಇದ್ದರೆ ಚಿಕ್ಕ ಮಕ್ಕಳಿಗೆ ಆ ನೀರು ಕೊಡಿ. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ಅದನ್ನು ನಂಬಬೇಡಿ. ಈಗಾಗಲೇ ಕಲೆ ಬಂದ ದೊಡ್ಡವರು ಹಲ್ಲಿನ ಡಾಕ್ಟರನ್ನು ಕೇಳಿ, ಅದನ್ನು ಮರೆಮಾಡಲು ಅವರ ಹತ್ತಿರ ದಾರಿಗಳಿವೆ. ನಮ್ಮ ಹತ್ತಿರ ಇರಲಿಲ್ಲ, ಆದರೂ ಮಾರಿದೆವು. ಅದಕ್ಕೆ ಕ್ಷಮೆ ಇರಲಿ.

ಈಗ ಹೊಸ ಪುಡಿಯ ವಿಷಯ. ಬಿಳಿ ಬಣ್ಣ. ಮುಖ್ಯವಾಗಿ ನುಣ್ಣಗಿನ ಸುಣ್ಣದಕಲ್ಲಿನ ಪುಡಿ, ಅಂದರೆ ಪೇಸ್ಟುಗಳಲ್ಲೂ ಹಾಕುವ ಕ್ಯಾಲ್ಸಿಯಂ ಕಾರ್ಬೊನೇಟ್. ಮೇಲೆ ಹೇಳಿದ ಅಳತೆಯಲ್ಲಿ ಇದರ ಗಟ್ಟಿತನ 3, ಎನಾಮಲ್‌ಗಿಂತ ಮೆತ್ತಗೆ. ಲವಂಗ, ಪುದೀನಾ ಹಳೆಯ ಹಾಗೆಯೇ ಇವೆ. ಬೆಲೆ ಮಾತ್ರ ಏರಿದೆ. 100 ಗ್ರಾಂ ಕರಿ ಪುಡಿ 20 ರೂಪಾಯಿಗೆ ಸಿಗುತ್ತಿತ್ತು, ಇದು 32 ರೂಪಾಯಿ. ಹೊಟ್ಟು ನಮಗೆ ಹೆಚ್ಚು ಕಡಿಮೆ ಪುಕ್ಕಟೆ ಸಿಗುತ್ತಿತ್ತು, ಸುಣ್ಣದಕಲ್ಲಿನ ಪುಡಿಯನ್ನು ದುಡ್ಡು ಕೊಟ್ಟು ತರಿಸಬೇಕು, ಅಷ್ಟೇ.

ಇದರಲ್ಲಿ ಫ್ಲೋರೈಡ್ ಇಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ. ಹಲ್ಲು ಹುಳುಕಾಗದಂತೆ ಕಾಯುವುದು ಪೇಸ್ಟಿನಲ್ಲಿರುವ ಫ್ಲೋರೈಡ್. ಹೌದು, ಮುಂಡರಗಿ ನೀರಿನಲ್ಲಿ ತೊಂದರೆ ಕೊಡುವ ಅದೇ ಫ್ಲೋರೈಡ್. ಹೊಟ್ಟೆಗೆ ಹೋದರೆ ಒಂದು, ಹಲ್ಲಿಗೆ ಹಚ್ಚಿ ಉಗುಳಿದರೆ ಇನ್ನೊಂದು. ಹಾಗಾಗಿ ಬೆಳಿಗ್ಗೆ ನಮ್ಮ ಪುಡಿ ಬಳಸಿದರೂ ರಾತ್ರಿ ಮಲಗುವ ಮುಂಚೆ ಫ್ಲೋರೈಡ್ ಇರುವ ಪೇಸ್ಟಿನಲ್ಲಿ, ಮೆತ್ತನೆಯ ಬ್ರಷ್ಷಿನಲ್ಲಿ ಉಜ್ಜಿ. ಎರಡರಲ್ಲಿ ಒಂದನ್ನೇ ಕೊಳ್ಳುವಷ್ಟು ದುಡ್ಡಿದ್ದರೆ ಪೇಸ್ಟನ್ನೇ ಕೊಳ್ಳಿ. ಹಲ್ಲುಪುಡಿ ಮಾರುವವಳು ಇದನ್ನು ಬರೆಯಬೇಕಾ ಅಂತ ನಮ್ಮ ಯಜಮಾನರು ಕೇಳಿದರು. ಬರೆದಿದ್ದೇನೆ. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು ಪೇಸ್ಟ್, ಮೂರರಿಂದ ಆರರವರೆಗೆ ಬಟಾಣಿ ಕಾಳಿನಷ್ಟು ಸಾಕು. ಜಾಹೀರಾತಿನಲ್ಲಿ ಬ್ರಷ್ ತುಂಬ ಬಳಿಯುತ್ತಾರಲ್ಲ, ಅದು ಪೇಸ್ಟ್ ಬೇಗ ಖರ್ಚಾಗಲಿ ಅಂತ. ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇರುವ ಊರಿನವರು ಮಕ್ಕಳ ಪೇಸ್ಟಿನ ಬಗ್ಗೆ ಡಾಕ್ಟರನ್ನು ಕೇಳಿಯೇ ಮುಂದುವರಿಯಿರಿ.

ಪ್ಯಾಕೆಟ್ ಮೇಲಿನ ಎರಡು ಸಾಲನ್ನೂ ತೆಗೆದಿದ್ದೇವೆ. "ಹಲ್ಲಿನ ಹುಳ ಸಾಯುತ್ತವೆ" ಅಂತ ಬರೆದಿತ್ತು. ಹಲ್ಲಿನಲ್ಲಿ ಹುಳವೇ ಇರುವುದಿಲ್ಲ. ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ ನಾವು ತಿಂದ ಸಕ್ಕರೆಯನ್ನು ಹುಳಿ ಮಾಡುತ್ತವೆ, ಆ ಹುಳಿ ಹಲ್ಲನ್ನು ಕರಗಿಸುತ್ತದೆ. ಒಂದೇ ಹೊತ್ತಿಗೆ ಎರಡು ಪೇಡಾ ತಿಂದು ಬಾಯಿ ಮುಕ್ಕಳಿಸಿದವರಿಗಿಂತ, ಅರ್ಧ ಗಂಟೆಗೊಮ್ಮೆ ಸಕ್ಕರೆ ಹಾಕಿದ ಅರ್ಧ ಚಾ ಕುಡಿಯುವವರ ಹಲ್ಲಿಗೇ ಅಪಾಯ ಜಾಸ್ತಿ. ನಮ್ಮ ಬಜಾರದಲ್ಲಿ ಅರ್ಧ ಚಾ ಬೇಡ ಅನ್ನುವುದು ಹೇಗೆ ಅಂತ ಮಾತ್ರ ನನ್ನನ್ನು ಕೇಳಬೇಡಿ. ತೆಗೆದ ಇನ್ನೊಂದು ಸಾಲು "ಅಲುಗಾಡುವ ಹಲ್ಲು ಗಟ್ಟಿಯಾಗುತ್ತದೆ." ಯಾವ ಪುಡಿಯಿಂದಲೂ ಆಗುವುದಿಲ್ಲ.

ಫೋನಿನಲ್ಲಿ ಅತಿ ಹೆಚ್ಚು ಕೇಳುವುದು ಒಸಡಿನ ರಕ್ತದ ವಿಷಯ. "ರಕ್ತ ಬರಾಕತ್ತೈತ್ರೀ, ಅದಕ್ಕ ತಿಕ್ಕೋದು ಬಿಟ್ಟೇನಿ" ಅನ್ನುತ್ತಾರೆ. ಬಿಡಬೇಡಿ. ಹಲ್ಲು ಒಸಡು ಸೇರುವ ಜಾಗದಲ್ಲಿ ಅಂಟಾದ ಪಾಚಿ ದಿನವೂ ಕೂರುತ್ತದೆ. ತೆಗೆಯದೆ ಬಿಟ್ಟರೆ ಒಸಡು ಬಾತು, ಮುಟ್ಟಿದರೆ ರಕ್ತ. ಉಜ್ಜುವುದು ಬಿಟ್ಟರೆ ಪಾಚಿ ಇನ್ನೂ ಹೆಚ್ಚುತ್ತದೆ, ರಕ್ತವೂ ಹೆಚ್ಚುತ್ತದೆ. ಮೆತ್ತನೆಯ ಬ್ರಷ್ಷನ್ನು ಒಸಡಿನ ಕಡೆಗೆ ಓರೆಯಾಗಿಟ್ಟು ಹಗುರಾಗಿ ಉಜ್ಜಿದರೆ ಒಂದೆರಡು ವಾರದಲ್ಲಿ ಬಹಳ ಜನರಿಗೆ ಕಡಿಮೆಯಾಗುತ್ತದೆ. ಆಗದಿದ್ದರೆ ಪಾಚಿ ಗಾರೆಯಂತೆ ಗಟ್ಟಿಯಾಗಿರಬಹುದು. ಅದು ಬ್ರಷ್ಷಿಗೆ ಬಗ್ಗದು, ಡಾಕ್ಟರೇ ತೆಗೆಯಬೇಕು. ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಅನ್ನುವ ಹೆದರಿಕೆ ನಮ್ಮ ಅತ್ತೆಗೂ ಇತ್ತು. ಗಾರೆ ಹೋದ ಮೇಲೆ ಅದು ತುಂಬಿಕೊಂಡಿದ್ದ ಸಂದು ಕಾಣುತ್ತದೆ, ಅದಕ್ಕೆ ಹಾಗನಿಸುತ್ತದೆ. ಸಕ್ಕರೆ ಕಾಯಿಲೆ ಇದ್ದವರು, ಬಸುರಿಯರು ಒಸಡಿನ ರಕ್ತವನ್ನು ಸುಮ್ನೆ ಬಿಡಬಾರದು.

ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಹೋಗುತ್ತದೆ ಅನ್ನುವುದೂ ಸುಳ್ಳು. ನೋವಿಗೆ ಲವಂಗದೆಣ್ಣೆ ಸ್ವಲ್ಪ ಹೊತ್ತು ಮರಗಟ್ಟಿಸುತ್ತದೆ, ಆದರೆ ಒಸಡಿಗೆ ತಾಗಿದರೆ ಸುಡುತ್ತದೆ, ಹುಳುಕನ್ನಂತೂ ವಾಸಿ ಮಾಡುವುದಿಲ್ಲ. ತಂಬಾಕು, ತಪಕೀರು ಹಚ್ಚುವವರು ದಯವಿಟ್ಟು ಬಿಡಿ. ಹಲ್ಲುಪುಡಿ, ಪೇಸ್ಟಿನಲ್ಲಿ ತಂಬಾಕು ಹಾಕುವುದನ್ನು ಸರಕಾರ 1992ರಲ್ಲೇ ನಿಷೇಧಿಸಿದೆ. ಬಾಯಲ್ಲಿ ಎರಡು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಇದ್ದರೆ ತೋರಿಸಲು ತಡ ಮಾಡಬೇಡಿ. ಆರು ವರ್ಷದ ಹೊತ್ತಿಗೆ ಮಕ್ಕಳಿಗೆ ಕಡೆಯಲ್ಲಿ ಒಂದು ದವಡೆ ಹಲ್ಲು ಬರುತ್ತದೆ. ಅದು ಹಾಲುಹಲ್ಲಲ್ಲ, ಬಿದ್ದರೆ ಮತ್ತೆ ಬರುವುದಿಲ್ಲ. ಹುಳುಕಾದರೆ "ಬೀಳೂ ಹಲ್ಲು ಬಿಡ್ರಿ" ಅನ್ನಬೇಡಿ.

ಖರ್ಚಿಗೆ ಹೆದರುವವರಿಗೆ ಹೇಳುತ್ತೇನೆ, ಧಾರವಾಡದ ಸತ್ತೂರಿನಲ್ಲಿ ಎಸ್‌ಡಿಎಂ ದಂತ ಕಾಲೇಜು 1986ರಿಂದ ಇದೆ. ಇಂಥ ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಗುರುಗಳ ಕಣ್ಣೆದುರಿಗೇ ಚಿಕಿತ್ಸೆ ಕೊಡುತ್ತಾರೆ, ಹಾಗಾಗಿ ಸಾಮಾನ್ಯವಾಗಿ ಖರ್ಚು ಕಡಿಮೆ. ಹೊತ್ತು ಜಾಸ್ತಿ ಹಿಡಿಯುತ್ತದೆ, ಡಬ್ಬಿ ಕಟ್ಟಿಕೊಂಡು ಹೋಗಿ.

ಮನೆಯಲ್ಲಿ ಒಡೆಯದ ಕರಿ ಪ್ಯಾಕೆಟ್ ಇದ್ದರೆ ಕೊಂಡ ಅಂಗಡಿಗೇ ಕೊಡಿ. ನಾಗರ ಪಂಚಮಿಯವರೆಗೆ ಒಂದಕ್ಕೊಂದು ಬಿಳಿ ಪುಡಿ ಬದಲಿ ಕೊಡುತ್ತಾರೆ, ಮೇಲೆ ದುಡ್ಡು ಕೊಡಬೇಕಿಲ್ಲ. ಒಡೆದ ಪ್ಯಾಕೆಟ್ಟನ್ನು ಚೆಲ್ಲಬೇಡಿ. ಹುಣಸೆಹಣ್ಣಿನ ಜೊತೆ ಹಚ್ಚಿ ದೇವರ ಮನೆಯ ಹಿತ್ತಾಳೆ ದೀಪ ತಿಕ್ಕಿ, ಥಳಥಳ ಹೊಳೆಯುತ್ತದೆ. ಉಳಿದ ಹನ್ನೊಂದು ಚೀಲಕ್ಕೂ ಪಾತ್ರೆ ತಿಕ್ಕುವ ಪುಡಿ ಅಂತ ಹೊಸ ಚೀಟಿ ಅಚ್ಚು ಹಾಕಿಸುತ್ತಿದ್ದೇವೆ.

ಮಾವನವರು ಈಗ ಬಿಳಿ ಪುಡಿಗೆ ಬಂದಿದ್ದಾರೆ. ಹಲ್ಲಿನ ಕಚ್ಚುಗಳಿಗೆ ಡಾಕ್ಟರು ಸಿಮೆಂಟ್ ತುಂಬಿದ್ದಾರೆ, ತಣ್ಣೀರು ಕುಡಿಯುತ್ತಾರೆ. ಆದರೂ ದಿನಾ ಬೆಳಿಗ್ಗೆ ಬಚ್ಚಲಿನಿಂದ ಅವರದೊಂದು ತಕರಾರು ಕೇಳುತ್ತದೆ: "ಕರಕರ ಅನ್ನೂದಿಲ್ಲವಾ ಇದು, ತಿಕ್ಕಿದಂಗ ಆಗೂದಿಲ್ಲ."

ಇಂತಿ ನಿಮ್ಮ,
ಹಲ್ಲುಪುಡಿ ಮನೆಯವರ ಪರವಾಗಿ, ಹಿರಿ ಸೊಸೆ
ಬೆಟಗೇರಿ, ಗದಗ