ಬೇಸಿಗೆ ರಜೆಯಲ್ಲಿ ಒಂದು ಬೆಳಗ್ಗೆ, ನೀರಿನ ದಡದಲ್ಲಿ

ಪ್ರೀತಿಯ ಪೋಷಕರೇ,

ನಮಸ್ಕಾರ. ಈ ರಜೆಗೆ ಮಕ್ಕಳಿಗೆ ಬರೆಯುವ ಕೆಲಸ ಏನೂ ಕೊಟ್ಟಿಲ್ಲ. ಬದಲಿಗೆ ನಿಮ್ಮಲ್ಲೇ ಒಂದು ಕೋರಿಕೆ. ಕೆರೆಯೋ ಹೊಳೆಯೋ, ನೀರಿನ ಪಕ್ಕ ಇರುವ ಪಾರ್ಕ್‌ಗೆ ಅವರನ್ನು ಒಂದೆರಡು ಸಲವಾದರೂ ಕರೆದುಕೊಂಡು ಹೋಗಿ. ಹಕ್ಕಿ ನೋಡೋದಕ್ಕೆ.

ಬೆಳಗ್ಗೆ ಬೇಗ ಹೊರಡಿ. ಬಿಸಿಲೇರಿದರೆ ಮಕ್ಕಳಿಗೂ ಸುಸ್ತು, ಹಕ್ಕಿಗಳೂ ನೆರಳು ಸೇರಿಬಿಡುತ್ತವೆ. ಅವು ನಮ್ಮ ಹಾಗೆ ಬೆವರುವುದಿಲ್ಲ, ಅಲ್ವಾ? ಸೆಕೆಯಾದರೆ ಕೊಕ್ಕು ತೆರೆದು ಏದುಸಿರು ಬಿಡುತ್ತವೆ.

ಹೋದ ವರ್ಷ ಐದನೇ ತರಗತಿ ಮಕ್ಕಳ ಜೊತೆ ಹೋಗಿದ್ದೆ. ನೀರಿನ ನಡುವೆ ಬಂಡೆಯ ಮೇಲೆ ಒಂದು ನೀರುಕಾಗೆ ರೆಕ್ಕೆ ಅಗಲಿಸಿಕೊಂಡು ನಿಂತಿತ್ತು. "ಮಿಸ್, ಅದಕ್ಕೆ ಪೆಟ್ಟಾಗಿದ್ಯಾ?" ಅಂತ ಒಬ್ಬ ಹುಡುಗ ಕೇಳಿದ. ಕಾದು ನೋಡೋಣ ಅಂದೆ. ಸುಮಾರು ಹೊತ್ತಾದ ಮೇಲೆ ಅದು ರೆಕ್ಕೆ ಮಡಚಿ ನೀರಿಗಿಳಿದು ಮುಳುಗಿತು. ಮಕ್ಕಳು ಉಸಿರು ಬಿಗಿಹಿಡಿದು ಎಣಿಸತೊಡಗಿದರು. 20 ದಾಟುವಾಗ ಎಲ್ಲೋ ದೂರದಲ್ಲಿ ಎದ್ದಿತು, ಕೊಕ್ಕಿನಲ್ಲಿ ಮೀನು! ಮೀನಿನ ತಲೆ ಮೊದಲು ಒಳಗೆ ಹೋಗುವ ಹಾಗೆ ತಿರುಗಿಸಿಕೊಂಡು ನುಂಗಿತು. ಮತ್ತೆ ಅದೇ ಬಂಡೆ, ಮತ್ತೆ ರೆಕ್ಕೆ ಅಗಲಿಸಿ ನಿಂತಿತು. "ಒಣಗಿಸ್ಕೊಳ್ತಿದೆ!" ಅಂತ ಆ ಹುಡುಗನೇ ಕೂಗಿದ.

ಅವನು ಹೇಳಿದ್ದು ಸರಿ. ಬಾತುಕೋಳಿಯ ಗರಿಗೆ ನೀರು ಅಂಟುವುದಿಲ್ಲ. ನೀರುಕಾಗೆಯ ಗರಿ ಒದ್ದೆಯಾಗುತ್ತದೆ. ಅದರಿಂದಲೇ ತೇಲುವುದು ಕಡಿಮೆಯಾಗಿ, ಮುಳುಗಿ ಮೀನು ಹಿಡಿಯುವುದು ಸುಲಭವಾಗುತ್ತದೆ. ಇದನ್ನು ನಾನು ಬೋರ್ಡಿನ ಮೇಲೆ ಬರೆದಿದ್ದರೆ ಆ ಹುಡುಗನಿಗೆ ಇಷ್ಟು ನೆನಪಿರುತ್ತಿರಲಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ, ಎಷ್ಟು ಹಕ್ಕಿ ನೋಡಿದೆ ಅಂತ ಮಕ್ಕಳನ್ನು ಕೇಳಬೇಡಿ. ಒಂದೇ ಹಕ್ಕಿಯನ್ನು ಅರ್ಧ ಗಂಟೆ ನೋಡಲಿ. ಮಿಂಚುಳ್ಳಿ ಹಿಡಿದ ಮೀನನ್ನು ಕೊಂಬೆಗೆ ಬಡಿಯುವುದನ್ನೋ, ಬೆಳ್ಳಕ್ಕಿ ಒಂದೊಂದೇ ಹೆಜ್ಜೆ ಇಡುವುದನ್ನೋ ಸುಮ್ನೆ ಕೂತು ನೋಡಲಿ. ಹೆಸರು ಗೊತ್ತಿಲ್ಲದಿದ್ದರೂ ಪರವಾಗಿಲ್ಲ. ಮೊಬೈಲ್ ಆ್ಯಪ್‌ನಲ್ಲಿ ಆಮೇಲೆ ಹುಡುಕಬಹುದು, ಮೊದಲು ಕಣ್ಣು ನೋಡಲಿ. ಬೈನಾಕ್ಯುಲರ್ ಇದ್ದರೆ ಒಳ್ಳೆಯದು, ಆದರೆ ಅದರಲ್ಲಿ ಸೂರ್ಯನನ್ನು ಯಾವತ್ತೂ ನೋಡಬಾರದು.

ಬ್ರೆಡ್ ಎಸೆಯಬೇಡಿ. ಅದರಿಂದ ಹಕ್ಕಿಯ ಹೊಟ್ಟೆ ತುಂಬುತ್ತದೆ, ಮೈಗೆ ಹತ್ತುವುದಿಲ್ಲ, ಉಳಿದದ್ದು ನೀರಲ್ಲಿ ಕೊಳೆಯುತ್ತದೆ. ಫೋಟೋ ಆಸೆಗೆ ಗೂಡಿನ ಹತ್ತಿರ ಹೋಗಬೇಡಿ. ತಾಯಿ ಹೆದರಿ ಎದ್ದು ಹೋದರೆ ಈ ಬಿಸಿಲಿಗೆ ಮೊಟ್ಟೆ ಕೆಟ್ಟುಹೋಗಬಹುದು. ಇನ್ನು ದಡದ ಕೆಸರು ಜಾರುತ್ತದೆ. ಹಕ್ಕಿಯ ಮೇಲೆ ಕಣ್ಣಿಟ್ಟ ಮಗುವಿಗೆ ಕಾಲಡಿ ಏನಿದೆ ಅಂತ ಗೊತ್ತಾಗುವುದಿಲ್ಲ, ಹಾಗಾಗಿ ಚಿಕ್ಕವರ ಕೈ ಬಿಡಬೇಡಿ. ಟೋಪಿ, ಕುಡಿಯುವ ನೀರು ಮರೆಯಬೇಡಿ.

ಶಾಲೆ ತೆರೆದ ದಿನ ಪ್ರತಿ ಮಗುವಿನ ಹತ್ತಿರವೂ ಒಂದು ಹಕ್ಕಿಯ ಸುದ್ದಿ ಕೇಳುತ್ತೇನೆ. ನೀವು ನೋಡಿದ್ದನ್ನೂ ಬರೆದು ಕಳಿಸಿದರೆ ನನಗೆ ತುಂಬಾ ಖುಷಿ.

ಇಂತಿ,
ಮುಖ್ಯ ಶಿಕ್ಷಕಿ