ನಕ್ಷೆಯಲ್ಲಿ ಬೆಟ್ಟದ ಹೆಸರು ಓದುವ ಬಗ್ಗೆ, ನಾಗೇಶನಿಗೆ

ಪ್ರಿಯ ನಾಗೇಶ,

ಬೇಸಿಗೆಗೆ ಸ್ಕಾಟ್ಲೆಂಡಿಗೆ ಬರುತ್ತೀಯ, ಈಗಿನಿಂದಲೇ ನಕ್ಷೆ ಹರಡಿಕೊಂಡು ಕೂತಿದ್ದೀಯ ಅಂತ ಓದಿ ತುಂಬಾ ಖುಷಿಯಾಯಿತು. ಆದರೆ ‘ಈ ಗೇಲಿಕ್ ಹೆಸರು ಬಾಯಿಗೇ ಬರಲ್ಲ, ಇಂಗ್ಲಿಷ್ ಹೆಸರಲ್ಲೇ ಮುಗಿಸೋಣ’ ಅಂದಿದ್ದೀಯಲ್ಲ, ಅದನ್ನು ಮಾತ್ರ ನಾನು ಒಪ್ಪಲ್ಲ.

ಗೇಲಿಕ್ ಸ್ಕಾಟ್ಲೆಂಡಿನ ಬೆಟ್ಟಸೀಮೆಯ ಹಳೆಯ ಭಾಷೆ, ಅದರಲ್ಲಿ ಬೆಟ್ಟಕ್ಕೆ ಹತ್ತಾರು ಪದ ಇವೆ. ‘ಬೆನ್’ ದೊಡ್ಡ ಬೆಟ್ಟ. ‘ಮ್ಯಾಲ್’ ಅಂದರೆ ದುಂಡಗಿನ ಬೋಳುಗುಡ್ಡ. ‘ಸ್ಕೂರ್’ ಅಂದರೆ ಚೂಪಾದ ಕಲ್ಲಿನ ಶಿಖರ. ಸ್ಕೈ ದ್ವೀಪದ ಕೂಲಿನ್ ಸಾಲಿನಲ್ಲಿ ಎಲ್ಲಿ ನೋಡಿದರೂ ಸ್ಕೂರ್‌ಗಳೇ. ಹತ್ತುವ ಮೊದಲೇ ಕಾಲಿಗೆ ಹುಲ್ಲು ಸಿಗುತ್ತೋ ಬಂಡೆ ಸಿಗುತ್ತೋ ಅಂತ ಹೆಸರಿನಲ್ಲೇ ಸುಳಿವು ಇರುತ್ತೆ. ಓದೋದೂ ನೀನು ಹೆದರಿದಷ್ಟು ಕಷ್ಟ ಅಲ್ಲ. ‘ಮೋರ್’ ಅಂದರೆ ದೊಡ್ಡದು, ಬೆನ್ ಜೊತೆ ಬಂದಾಗ ‘ವೋರ್’ ಆಗುತ್ತೆ. ಬೆಟ್ಟ, ತಾವರೆ ಸೇರಿ ಬೆಟ್ಟದಾವರೆ ಆಗುತ್ತಲ್ಲ, ಹಾಗೇ ಅಂದುಕೋ. ಎಂ ಅಥವಾ ಬಿ ಪಕ್ಕ ಎಚ್ ಕಂಡರೆ ಸಾಮಾನ್ಯವಾಗಿ ‘ವ’ ಅಂತ ಓದು.

ನೀನು ಗುರುತು ಹಾಕಿಟ್ಟ ಕೇರ್ನ್‌ಗಾರ್ಮ್ಸ್ ಸಾಲನ್ನೇ ತಗೋ. ‘ಗೊರೊಮ್’ ಅಂದರೆ ನೀಲಿ, ಹುಲ್ಲಿನ ಹಸಿರಿಗೂ ಅದೇ ಪದ. ಆ ಪದ ಸೇರಿದ ‘ಕೇರ್ನ್ ಗಾರ್ಮ್’ ಅಲ್ಲಿನ ಒಂದು ಬೆಟ್ಟದ ಹೆಸರು ಅಷ್ಟೆ. ಇಡೀ ಸಾಲಿನ ಗೇಲಿಕ್ ಹೆಸರು ‘ಅಮ್ ಮೊನಗ್ ರೂವಗ್’, ಅಂದರೆ ಕೆಂಪು ಬೆಟ್ಟಸೀಮೆ, ಯಾಕೆಂದರೆ ಅಲ್ಲಿನ ಗ್ರಾನೈಟ್ ಕೆಂಪು ಛಾಯೆಯದು. ಸ್ಪೇ ನದಿಯ ಆಚೆಗಿರುವ ಸಾಲು ‘ಮೊನಗ್ ಲಿಯಾ’, ಬೂದು ಬೆಟ್ಟಸೀಮೆ. ನದಿಯ ಈಚೆ ಕೆಂಪು, ಆಚೆ ಬೂದು. ಒಂದು ಬೆಟ್ಟದ ಹೆಸರನ್ನು ಇಡೀ ಸಾಲಿಗೆ ಅಂಟಿಸಿದ ಮೇಲೆ ಆ ಜೋಡಿಯೇ ಮುರಿದುಹೋಯಿತು, ನನಗೆ ಅದು ಈಗಲೂ ಬೇಜಾರು. ಅದೇ ಸಾಲಿನಲ್ಲಿ ದೆವ್ವದ ಶಿಶ್ನ ಅನ್ನುವ ಅರ್ಥದ ಶಿಖರವೊಂದಿದೆ. ಇಂಗ್ಲಿಷಿನಲ್ಲಿ ಅದು ಮರ್ಯಾದೆಯಾಗಿ ‘ಡೆವಿಲ್ಸ್ ಪಾಯಿಂಟ್’!

ಈ ಹೆಸರುಗಳು ನಕ್ಷೆಗೆ ಬಂದ ಬಗೆ ನೋಡು. 19ನೇ ಶತಮಾನದಲ್ಲಿ ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆಯಾದ ಆರ್ಡ್‌ನೆನ್ಸ್ ಸರ್ವೆಯವರು ‘ನೇಮ್ ಬುಕ್’ ಅಂತ ಇಟ್ಟಿದ್ದರು. ಒಂದೊಂದು ಹೆಸರಿಗೂ ಬೇರೆ ಬೇರೆ ಕಾಗುಣಿತ, ಹೇಳಿದವರು ಯಾರು, ಜಾಗ ಎಂಥದು ಅಂತ ಬರೆದುಕೊಳ್ಳುತ್ತಿದ್ದರು. ಸಾಕ್ಷಿಗೆ ಸಾಮಾನ್ಯವಾಗಿ ಮೂವರು. ಆದರೆ ಜಮೀನ್ದಾರ, ಪಾದ್ರಿ, ಮೇಷ್ಟ್ರ ಮಾತಿಗೆ ಇದ್ದ ತೂಕ ಸಣ್ಣ ರೈತನ ಮಾತಿಗೆ ಇರಲಿಲ್ಲ. ದಿನಾ ಆ ಗುಡ್ಡದಲ್ಲಿ ದನ ಮೇಯಿಸುವವನಿಗೆ ಹೆಸರು ಗೊತ್ತು, ಬರೆಯೋಕೆ ಬರಲ್ಲ, ಅದಕ್ಕೇ ಅವನನ್ನು ಪಕ್ಕಕ್ಕೆ ಇಟ್ಟರು. ಇದು ನನಗೆ ಅನ್ಯಾಯ ಅನ್ನಿಸುತ್ತೆ. ಹಾಗಂತ ಆ ಪುಸ್ತಕಗಳನ್ನು ತಳ್ಳಿಹಾಕೋಕಾಗಲ್ಲ, ಅವೂ ಇಲ್ಲದಿದ್ದರೆ ಎಷ್ಟೋ ಹೆಸರು ಉಳಿಯುತ್ತಲೇ ಇರಲಿಲ್ಲ. 1951ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ಸ್ಕೂಲ್ ಆಫ್ ಸ್ಕಾಟಿಷ್ ಸ್ಟಡೀಸ್ ಶುರುವಾಯಿತು. ಅಲ್ಲಿಯವರು ಊರೂರಿಗೆ ಹೋಗಿ ಹಿರಿಯರ ದನಿಯನ್ನೇ ಟೇಪಿನಲ್ಲಿ ಹಿಡಿದರು. ಅದರಲ್ಲಿ ಬಹಳಷ್ಟು ಈಗ ‘ತೋಬರ್ ಅನ್ ಡುಅಲ್ಖಶ್’ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತೆ. ಬರುವ ಮುಂಚೆ ಸ್ವಲ್ಪ ಕೇಳು, ಹೆಸರು ಕಿವಿಗೆ ಬಿದ್ದ ಮೇಲೆ ಕಾಗುಣಿತದ ಭಯ ಹೋಗುತ್ತೆ.

ಸಮುದ್ರದ ಬಂಡೆಗಳಿಗಂತೂ ಹೆಸರು ಜೀವದ ಪ್ರಶ್ನೆ. ನೀರಿನ ಮೇಲೆ ಕಾಣುವ ಬಂಡೆ ‘ಸ್ಕೇರ್’, ನೀರೊಳಗೆ ಅಡಗಿದ್ದು ‘ಬೋವ’. ಎರಡೂ ವೈಕಿಂಗರ ನಾರ್ಸ್ ಭಾಷೆಯಿಂದ ಬಂದವು. ಲೂಯಿಸ್ ದ್ವೀಪದ ಸ್ಟಾರ್ನೋವೇ ಬಂದರಿನ ಬಾಯಲ್ಲಿರುವ ಬಂಡೆಗಳಿಗೆ ‘ಹೋಮ್‌ನ ಮೃಗಗಳು’ ಅಂತಲೇ ಹೆಸರು, ಹೋಮ್ ಅನ್ನೋದು ಪಕ್ಕದ ಜಾಗ. ಮೊದಲ ಮಹಾಯುದ್ಧ ಮುಗಿಸಿ ಮನೆಗೆ ಬರುತ್ತಿದ್ದ ನೌಕಾಪಡೆಯವರನ್ನು ಹೊತ್ತ ‘ಐಯೊಲೇರ್’ ಹಡಗು 1919ರ ಜನವರಿ 1ರ ನಸುಕಿನಲ್ಲಿ ಅಲ್ಲೇ ಒಡೆಯಿತು. ಸುಮಾರು 200 ಜನ ಸತ್ತರು, ದಡ ಕೆಲವೇ ಮಾರು ದೂರ ಇತ್ತು.

ಇನ್ನೊಂದು ವಿಷಯ, ನಿನಗೆ ಖಂಡಿತ ಇಷ್ಟ ಆಗುತ್ತೆ. ಟಿಪ್ಪು ಸತ್ತ ಮೇಲೆ ಮೈಸೂರು ಸೀಮೆಯ ಸರ್ವೆ ಮಾಡಿದ, ನಮ್ಮ ಊರೂರಿನ ಕೈಫಿಯತ್ತು (ಸ್ಥಳೀಯ ಚರಿತ್ರೆ), ಶಾಸನ ಬರೆಸಿಟ್ಟ ಕಾಲಿನ್ ಮೆಕೆಂಜಿ ಹುಟ್ಟಿದ್ದು ಅದೇ ಸ್ಟಾರ್ನೋವೇಯಲ್ಲಿ. ಅವನ ಸ್ವಂತ ದ್ವೀಪದ ಹೆಸರುಗಳನ್ನು ಆರ್ಡ್‌ನೆನ್ಸ್ ಸರ್ವೆಯವರು ಬರೆದುಕೊಂಡಿದ್ದು ಅವನು ತೀರಿಕೊಂಡು ಸುಮಾರು ಮೂವತ್ತು ವರ್ಷದ ಮೇಲೆ.

ಹಾಗಾಗಿ ಲೂಯಿಸ್‌ಗೂ ಹೋಗೋಣ. ಅಲ್ಲಪೂಲ್‌ನಿಂದ ಹಡಗು, ಬೇಸಿಗೆಯಲ್ಲಿ ಕಾರಿಗೆ ಜಾಗ ಸಿಗೋದು ಕಷ್ಟ. ತಾರೀಖು ಬೇಗ ತಿಳಿಸು, ಟಿಕೆಟ್ ನಾನೇ ಮಾಡಿಸುತ್ತೇನೆ.

ನಿನ್ನ,
ಶ್ರೀಧರ